ಒಂಬತ್ತು ನಕಲುಗಾರರ ಅಳತೆ

ಸೂಪರಿಂಟೆಂಡೆಂಟರು ಒಂದು ಮರದ ಅಳತೆಪಟ್ಟಿಯನ್ನೂ ಒಂದು ಉಂಡೆ ಸುತಳಿಯನ್ನೂ ನನ್ನ ಕೈಗಿತ್ತು, "ನಿಮ್ಮ ವಿಭಾಗದ ಒಂಬತ್ತೂ ಜನರ ಮೈ ಅಳತೆ ಸೋಮವಾರದೊಳಗೆ ನನಗೆ ಬೇಕು" ಎಂದರು. ನಾನು ಸುತಳಿಯನ್ನು ನೋಡುವ ಮೊದಲು ಅವರ ಮುಖ ನೋಡಿದೆ. ನಮ್ಮಲ್ಲಿ ಯಾರನ್ನು ಮನೆಗೆ ಕಳಿಸಲು ಹೊರಟಿದ್ದಾರೆ ಎಂಬುದು ಅಲ್ಲೇನಾದರೂ ಕಾಣುತ್ತದೆಯೋ ಎಂದು ಹುಡುಕಿದೆ. ಏನೂ ಕಾಣಲಿಲ್ಲ. ಅದರಿಂದ ನನ್ನ ಅನುಮಾನ ಇನ್ನಷ್ಟು ಹೆಚ್ಚಿತು.

ಅವರು ಮುಂಬಯಿಯಿಂದ ವರ್ಗವಾಗಿ ಪುಣೆಗೆ ಬಂದು ಮೂರು ತಿಂಗಳಾಗಿತ್ತು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ನಾಲ್ಕೈದು ವರ್ಷವಿದ್ದ ಕಾಲ. ದಂಡಿನ ಪ್ರದೇಶವಾದ ಕ್ಯಾಂಪಿನ ಹಳೆಯ ಕಲ್ಲುಕಟ್ಟಡವೊಂದರಲ್ಲಿ ನಮ್ಮ ಸರಕಾರಿ ದಫ್ತರಖಾನೆ. ಹುಳು ತಿಂದ ಹಳೆಯ ಜಮೀನು ಕಾಗದಗಳನ್ನು ಹೊಸ ಕಾಗದದ ಮೇಲೆ ನಕಲು ಮಾಡುವುದು ನಮ್ಮ ಕೆಲಸ. ಇಂಗ್ಲಿಷ್ ವಿಭಾಗದವರು ಮೇಜು ಕುರ್ಚಿಯ ಮೇಲೆ ಕೂತರೆ ನಾವು ಒಂಬತ್ತು ಜನ ಉದ್ದನೆಯ ಹಜಾರದಲ್ಲಿ ಗೋಡೆಗೆ ಬೆನ್ನು ಮಾಡಿ, ಚಾಪೆಯ ಮೇಲೆ, ಗಿಡ್ಡ ಇಳಿಜಾರು ಡೆಸ್ಕುಗಳ ಮುಂದೆ ಕೂರುತ್ತಿದ್ದೆವು. ಏಳು ಜನ ಮರಾಠಿ ಕಾಗದದವರು. ಕನ್ನಡ ಜಿಲ್ಲೆಗಳ ಕಾಗದಕ್ಕೆ ಇಬ್ಬರೇ: ವಿಜಾಪುರದ ಕಡೆಯಿಂದ ಬಂದ ಹಿರಿಯ ನಕಲುಗಾರರು ಮತ್ತು ನಾನು. ಇಡೀ ವಿಭಾಗಕ್ಕೆ ಅವರೇ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು.

ಸೂಪರಿಂಟೆಂಡೆಂಟರು ವಿವರಿಸಿದ್ದು ಇಷ್ಟು. ಕಚೇರಿಯ ಡಾಕ್ಟರರು ನಮ್ಮ ಬೆನ್ನು, ಕುತ್ತಿಗೆ, ಕಣ್ಣುಗಳ ಬಗ್ಗೆ ಮೇಲಿನವರಿಗೆ ಬರೆದಿದ್ದಾರಂತೆ. ಇನ್ನು ಮುಂದೆ ನಮಗೂ ಮೇಜು ಕುರ್ಚಿ. ಅದೂ ಒಬ್ಬೊಬ್ಬರ ಮೈಗೆ ತಕ್ಕಂತೆ ಮಾಡಿಸುವುದು. ಎರಡು ತಿಂಗಳ ಮೇಲೆ ಡಾಕ್ಟರರು ಸ್ವತಃ ಬಂದು, ಒಬ್ಬೊಬ್ಬರನ್ನೂ ಕೂರಿಸಿ ಬರೆಸಿ ನೋಡುತ್ತಾರೆ. ಧಾರವಾಡದಲ್ಲಿ ಓದುವಾಗ ನಾನು ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೆನಾದ್ದರಿಂದ ನಕ್ಷೆಯ ಕೆಲಸ ನನಗೆ ಬಂತು.

ಸರಕಾರ ನನ್ನ ಬೆನ್ನಿನ ಚಿಂತೆ ಮಾಡುತ್ತಿದೆ ಎಂಬುದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಹತ್ತು ವರ್ಷದ ನೌಕರಿಯಲ್ಲಿ ಒಂದು ಒಡೆದ ಮಸಿಯ ದೌತಿಯ ಬದಲು ಇನ್ನೊಂದು ದೌತಿ ಪಡೆಯಲು ನಾನು ಮೂರು ಅರ್ಜಿ ಬರೆದವನು. ಕೇಳದೆಯೇ ಒಂಬತ್ತು ಕುರ್ಚಿ ಬರುತ್ತವೆ ಎಂದರೆ ನಂಬುವುದು ಹೇಗೆ? ಬರೆಸಿ ನೋಡುತ್ತಾರೆ ಎಂಬ ಮಾತಿನಲ್ಲಿ ಎಲ್ಲವೂ ಇದೆ ಎಂದುಕೊಂಡೆ. ಕೂಡಲೇ ಕಾಕಾನ ಬಲಗೈ ನೆನಪಾಯಿತು.

ಆ ಕೈಯ ವಿಷಯ ನನಗೊಬ್ಬನಿಗೇ ಗೊತ್ತಿತ್ತು. ಯಾರೂ ಹೇಳಿದ್ದಲ್ಲ, ನಾನೇ ಕದ್ದು ನೋಡಿ ಕಂಡುಕೊಂಡದ್ದು. ಒಂದು ವರ್ಷದಿಂದ ಅವರ ಪುಟಗಳಲ್ಲಿ ಹನ್ನೆರಡನೆಯ ಸಾಲಿನ ಆಸುಪಾಸು ಅಕ್ಷರ ಬಲಕ್ಕೆ ವಾಲುತ್ತಿತ್ತು. ಆಗ ಅವರು ದೌತಿ ತೊಳೆಯುವ ನೆಪದಲ್ಲಿ ಎದ್ದು ಹೋಗುವರು. ಒಮ್ಮೆ ಹಿಂದೆಯೇ ಹೋಗಿ ನೋಡಿದೆ. ನಲ್ಲಿಯ ಹತ್ತಿರ ನಿಂತು ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಬೆರಳುಗಳು ಲೇಖನಿ ಹಿಡಿದ ಹಾಗೆಯೇ ಸೆಟೆದುಕೊಂಡಿದ್ದವು. ಆದರೂ ಅವರ ಕೆಲಸ ನಡೆಯುತ್ತಿದ್ದುದು ಅವರು ಕೂರುವ ರೀತಿಯಿಂದ. ಹಳೆಯ ಕಾಲದ ಬರಹಗಾರರಂತೆ ಎಡಗಾಲು ಮಡಿಚಿ, ಬಲ ಮೊಣಕಾಲು ಎತ್ತಿ, ಅದರ ಮೇಲೆ ಹಲಗೆ ಇಟ್ಟು, ಮುಂಗೈಯ ಭಾರವನ್ನೆಲ್ಲ ಮೊಣಕಾಲಿಗೆ ಬಿಟ್ಟು ಬರೆಯುತ್ತಿದ್ದರು. ಡೆಸ್ಕು ಅವರ ಮುಂದೆ ಬರಿ ಮರ್ಯಾದೆಗೆ ಇತ್ತು.

ಅವರ ನೌಕರಿ ಮುಗಿಯಲು ಇನ್ನು ಹತ್ತು ತಿಂಗಳು. ಅಷ್ಟರೊಳಗೆ ಡಾಕ್ಟರರು ಕೈ ಕೆಲಸಕ್ಕೆ ಬಾರದು ಎಂದು ಬರೆದರೆ ಪೂರ್ತಿ ಪಿಂಚಣಿ ಹೋಯಿತು. ಮನೆಯಲ್ಲಿ ಅವರ ಹೆಂಡತಿ ಕಾಕು ಮತ್ತು ಗಂಡನನ್ನು ಕಳೆದುಕೊಂಡು ಬಂದಿದ್ದ ಕಾಕಾನ ತಂಗಿ. ಅವರ ನಂತರ ಹಿರಿಯ ನಕಲುಗಾರನ ಜಾಗ ಯಾರಿಗೆ ಎಂದರೆ ಸರದಿಯ ಪ್ರಕಾರ ನನಗೆ. ಇದು ಇಡೀ ಹಜಾರಕ್ಕೆ ಗೊತ್ತಿತ್ತು. ಹಾಗಾಗಿ ನಾನು ಸುತಳಿ ಹಿಡಿದು ಬಂದಾಗ ಎಲ್ಲರೂ ನನ್ನನ್ನು ನೋಡಿದ ನೋಟ ನನಗೆ ಅರ್ಥವಾಯಿತು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ನೋಡುತ್ತಿದ್ದೆ.

ನನ್ನ ಪಕ್ಕದ ಮರಾಠಿ ನಕಲುಗಾರ ಸುತಳಿಯತ್ತ ಕಣ್ಣು ಮಿಟುಕಿಸಿ, "ಕಾಯ್ ಹೋ, ಶಿಂಪ್ಯಾಚಂ ಕಾಮ ಧರಲಂ ಕಾ?" ಎಂದ. ಸಿಂಪಿಗನ ಕೆಲಸ ಹಿಡಿದೆಯಾ ಎಂದು. ಎಲ್ಲರೂ ನಕ್ಕರು. ಆಮೇಲೆ ಅವನೇ ದನಿ ತಗ್ಗಿಸಿ, ಇದು ಪಟ್ಟಿ ಮಾಡುವ ಆಟ, ಬೆನ್ನು ಬಾಗಿದವರನ್ನು ಮೊದಲು ತೆಗೆಯುತ್ತಾರೆ ಎಂದು ಉಳಿದವರಿಗೆ ಹೇಳುವುದು ಕೇಳಿಸಿತು. ಅದರ ಫಲ ಮಾರನೆಯ ದಿನ ಕಂಡಿತು. ಇಂಗ್ಲಿಷ್ ವಿಭಾಗದಿಂದ ತಂದ ಕುರ್ಚಿಯ ಮೇಲೆ ಒಬ್ಬೊಬ್ಬರನ್ನೇ ಕೂರಿಸಿದರೆ ಎಲ್ಲರೂ ಫೋಟೋ ತೆಗೆಸಿಕೊಳ್ಳುವವರಂತೆ ಎದೆ ಸೆಟೆಸಿ ಕೂತರು. ಇಪ್ಪತ್ತು ವರ್ಷ ಗೂನು ಹಾಕಿ ಬರೆದವರು ಒಮ್ಮೆಲೇ ಸಿಪಾಯಿಗಳಾದರು. ನಾನು ಅಳತೆ ಬರೆದುಕೊಂಡಂತೆ ಮಾಡಿ, ಮಾತಿಗೆಳೆದು, ಅವರು ಮರೆತು ಸಡಿಲಾದ ಮೇಲೆ ಇನ್ನೊಮ್ಮೆ ಅಳೆದೆ. ಎರಡು ಅಳತೆಗಳ ನಡುವೆ ಎರಡು ಎರಡೂವರೆ ಇಂಚು ವ್ಯತ್ಯಾಸ.

ಒಬ್ಬೊಬ್ಬರದು ನಾಲ್ಕು ಅಳತೆ: ನೆಲದಿಂದ ಮಂಡಿಯ ಹಿಂಭಾಗ, ಅದು ಕುರ್ಚಿಯ ಎತ್ತರ; ಕೂತಲ್ಲಿಂದ ಮಡಿಚಿದ ಮೊಣಕೈ, ಅದು ಮೇಜಿನ ಎತ್ತರ; ಸೊಂಟದಿಂದ ಮಂಡಿ, ಅದು ಕೂರುವ ಹಲಗೆಯ ಆಳ; ಕಣ್ಣಿನಿಂದ ಕಾಗದ. ಈ ಕೊನೆಯದು ಒಂದೂವರೆ ಗೇಣಿಗಿಂತ ಕಡಿಮೆ ಇರಬಾರದು ಎಂದು ಡಾಕ್ಟರರ ಚೀಟಿಯಲ್ಲಿತ್ತು. ಬೆಳಕು ಎಡದಿಂದ ಬರಬೇಕು ಎಂದೂ ಇತ್ತು. ಎಂಟು ಜನರದು ಶನಿವಾರಕ್ಕೆ ಮುಗಿಯಿತು.

ಕಾಕಾ ಮಾತ್ರ ಕುರ್ಚಿಯ ಹತ್ತಿರ ಬರಲಿಲ್ಲ.

"ಕಾಕಾರ, ಒಂದ್ ಐದ್ ನಿಮಿಷ ಬರ್ರಿ. ನಿಮ್ಮದೊಂದ ಉಳದದ."

"ನಂದೇನ್ ಅಳೀತಿ? ನಾ ಏನ್ ಹೊಸಾ ಅಂಗಿ ಹೊಲಸ್ಲಿಕತ್ತೀನೇನು?"

ಎರಡನೆಯ ಸಲ ಕೇಳಿದಾಗ ಕೈಯಲ್ಲಿ ಕೆಲಸವಿದೆ ಎಂದರು. ಮೂರನೆಯ ಸಲ ತಲೆ ಎತ್ತಿ, ಕನ್ನಡಕದ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. "ಅಳತಿ ಯಾವಾಗ ತಗೋತಾರ ನನಗೂ ಗೊತ್ತದ ತಮ್ಮಾ. ಮನಶ್ಯಾ ಸತ್ತ ಮ್ಯಾಲ ತಗೋತಾರ. ಅಷ್ಟರತನಕ ತಡಿ" ಎಂದರು.

ಆ ಮಾತು ನನ್ನನ್ನು ಚುಚ್ಚಿತು. ನನಗೆ ಹಳೆಯ ಕಾಗದಗಳ ಕೂಡುಬರಹವಾದ ಕನ್ನಡ ಮೋಡಿ ಓದಲು ಕಲಿಸಿದವರು ಅವರು. ಮೊದಲ ವರ್ಷ ಪ್ರತಿ ಅಮಾವಾಸ್ಯೆಗೆ ನಾನು ಉಣ್ಣುತ್ತಿದ್ದುದು ಅವರ ಮನೆಯಲ್ಲಿ. ಅವರೂ ನನ್ನನ್ನು ತಮ್ಮ ಜಾಗಕ್ಕೆ ಹೊಂಚು ಹಾಕುವವನೆಂದು ತಿಳಿದರಲ್ಲ ಎಂದು ಸಿಟ್ಟು ಬಂತು. ಸಿಟ್ಟಿನಲ್ಲಿ ಕಳ್ಳದಾರಿ ಹಿಡಿದೆ.

ನಾವೆಲ್ಲ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಗೋಡೆಗೆ ಒರಗಿದ್ದರಿಂದ ಒಬ್ಬೊಬ್ಬರ ತಲೆಯೆಣ್ಣೆಯ ಗುರುತು ಸುಣ್ಣದ ಗೋಡೆಯ ಮೇಲೆ ಕಂದು ಬಿಲ್ಲೆಯಂತೆ ಮೂಡಿತ್ತು. ಮಧ್ಯಾಹ್ನ ಕಾಕಾ ಫಳಾರಕ್ಕೆ ಹೋದಾಗ ಅವರ ಬಿಲ್ಲೆಯಿಂದ ನೆಲದವರೆಗೆ ಸುತಳಿ ಬಿಟ್ಟೆ. ತಲೆಯ ಎತ್ತರ ಸಿಕ್ಕರೆ ಮೊಣಕೈ ಎಲ್ಲಿ ಬರುತ್ತದೆ ಎಂದು ನನ್ನದೇ ಮೈಯ ಲೆಕ್ಕದಿಂದ ಊಹಿಸಬಹುದು. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯ ಉದ್ದದಿಂದ ಕಾಲಿನ ಅಂದಾಜು ಹಿಡಿದೆ. ಸೋಮವಾರ ಒಂಬತ್ತು ಜನರ ಪಟ್ಟಿ ಮೇಜಿನ ಮೇಲಿಟ್ಟಾಗ ಸೂಪರಿಂಟೆಂಡೆಂಟರು ಹೆಸರುಗಳ ಮೇಲೆ ಬೆರಳಾಡಿಸಿ, "ಇದರಲ್ಲಿ ಯಾರಿಗಾದರೂ ವಿಶೇಷ ತೊಂದರೆ ಇದೆಯೆ?" ಎಂದು ಕೇಳಿದರು. ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ಯಾರಿಗೂ ಇಲ್ಲ ಎಂದೆ.

ಮೇಜು ಮಾಡುವ ಕೆಲಸ ಭವಾನಿ ಪೇಠೆಯ ಕಟ್ಟಿಗೆ ಅಡ್ಡೆಯ ಹತ್ತಿರವಿದ್ದ ನಮ್ಮ ಕಡೆಯ ಬಡಿಗ್ಯಾರನಿಗೆ ಸಿಕ್ಕಿತು. ಬಾಗಲಕೋಟೆಯವನು. ನನ್ನ ಭಾಷೆಯವನಾದ್ದರಿಂದ ನನಗೆ ಅವನ ಮೇಲೆ ಅನುಮಾನ ಎರಡು ಪಟ್ಟು. ಸಾಗವಾನಿ ಎಂದು ಹೇಳಿ ಮಾವಿನ ಹಲಗೆ ಹಚ್ಚಬಹುದೆಂದು ದಿನಾ ಸಂಜೆ ಅಲ್ಲಿಗೆ ಹೋಗಿ, ಕೊರೆದ ಮುಖದ ಮೇಲೆ ಉಗುರು ಗೀರಿ, ಮೂಸಿ ನೋಡುತ್ತಿದ್ದೆ. ಅವನು ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ, "ಸಾಹೇಬ್ರ, ನೆಕ್ಕಿನೂ ನೋಡ್ರಿ. ಸಾಗವಾನಿ ಕಹಿ ಅಂದ್ರ ಕಹಿ ಇರ್ತದ" ಎಂದ. ಮರ ನಿಜವಾಗಿ ಸಾಗವಾನಿಯೇ ಆಗಿತ್ತು.

ಅವನೊಡನೆ ಕೂತು ನಾನೊಂದು ಜಾಣತನ ಮಾಡಿದೆ. ನಮ್ಮ ಕೆಲಸದಲ್ಲಿ ಬೆನ್ನು ಹೆಚ್ಚು ನೋಯುವುದು ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳನ್ನು ತಿರುಗಿ ತಿರುಗಿ ಎತ್ತುವುದರಿಂದ. ಮೇಜಿನ ಕೆಳಗೇ, ನೆಲದಿಂದ ಆರಿಂಚು ಮೇಲೆ, ಒಂದು ಅಡ್ಡಹಲಗೆ ಇದ್ದರೆ ಗಂಟು ಅಲ್ಲೇ ಇರುತ್ತದೆ, ಏಳುವುದೇ ಬೇಡ. ನಕ್ಷೆಯಲ್ಲಿ ಅದನ್ನು ಸೇರಿಸಿದೆ. ಸೂಪರಿಂಟೆಂಡೆಂಟರು ನೋಡಿ ಭೇಷ್ ಎಂದರು. ಬಡಿಗ್ಯಾರನೂ ಏನೂ ಹೇಳಲಿಲ್ಲ. ನನಗೂ ಏನೂ ಹೊಳೆಯಲಿಲ್ಲ.

ಒಂದೂವರೆ ತಿಂಗಳಿಗೆ ಮೇಜುಗಳು ಬಂದವು. ಕಿಟಕಿಯ ಬೆಳಕು ಎಡದಿಂದ ಬರುವಂತೆ ಸಾಲಾಗಿ ಜೋಡಿಸಿ, ಗಂಟುಗಳನ್ನು ಕೆಳಹಲಗೆಯ ಮೇಲೆ ಇಟ್ಟು, ಅಗರಬತ್ತಿ ಹಚ್ಚಿ ಎಲ್ಲರೂ ಕೂತೆವು. ಕೂತು ಕಾಲು ಕೆಳಗೆ ಬಿಟ್ಟರೆ ನನ್ನ ಹೆಬ್ಬೆರಳು ಗಂಟಿಗೆ ತಾಗಿತು. ಕೂಡಲೇ ಕಾಲೆಳೆದುಕೊಂಡು, ಬಗ್ಗಿ, ಗಂಟು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸುತ್ತ ನೋಡಿದರೆ ಎಂಟೂ ಜನ ಅದನ್ನೇ ಮಾಡುತ್ತಿದ್ದರು. ಬರೆದ ಕಾಗದಕ್ಕೆ ಕಾಲು ತಾಗಿಸುವುದುಂಟೆ? ಆಯುಧಪೂಜೆಗೆ ಅವೇ ಗಂಟುಗಳಿಗೆ ಕುಂಕುಮ ಹಚ್ಚುವವರು ನಾವು. ಒಬ್ಬೊಬ್ಬರಾಗಿ ಎಲ್ಲರೂ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಕೊಂಡು ಚಕ್ಕಳಮಕ್ಕಳ ಹಾಕಿದರು. ಮಂಡಿಗಳು ಮೇಜಿನ ಅಂಚಿಗೆ ಬಡಿದವು. ಕುರ್ಚಿ ಹಿಂದೆ ಸರಿಯಿತು, ಬೆನ್ನು ಮುಂದೆ ಬಾಗಿತು. ಕಣ್ಣಿಗೂ ಕಾಗದಕ್ಕೂ ಒಂದು ಗೇಣು ಉಳಿಯಲಿಲ್ಲ. ಇಂಚಿನ ಕಾಲುಭಾಗ ತಪ್ಪದಂತೆ ಮಾಡಿಸಿದ ನನ್ನ ಅಳತೆಗಳೆಲ್ಲ ಕಾಲು ನೆಲದ ಮೇಲಿರುವ ಮನುಷ್ಯನಿಗೆ!

ನಾಚಿಕೆಯಿಂದ ಸಾಯುವ ಹಾಗಾಯಿತು. ಒಂದು ವಾರದೊಳಗೆ ನಾಲ್ಕು ಜನರಿಗೆ ಸೊಂಟ ಹಿಡಿಯಿತು. ಪಕ್ಕದವನು ಇದನ್ನು ನಾನು ಬೇಕೆಂದೇ ಮಾಡಿದೆ ಎಂದು ಸಾರಿದ. ಡಾಕ್ಟರರು ಬರುವ ಹೊತ್ತಿಗೆ ಎಲ್ಲರೂ ಕುಂಟುತ್ತಿರಲಿ ಎಂಬುದು ನನ್ನ ಉಪಾಯವಂತೆ.

ಕಾಕಾನ ಪಾಡು ಎಲ್ಲರಿಗಿಂತ ಕೆಟ್ಟದ್ದು. ಕುರ್ಚಿಯ ಮೇಲೆ ಮೊಣಕಾಲು ಎತ್ತಲು ಜಾಗವಿಲ್ಲ, ಮೇಜಿನ ಮೇಲೆ ಕೈಗೆ ಆಸರೆಯಿಲ್ಲ. ನಾಲ್ಕನೆಯ ಸಾಲಿಗೇ ಲೇಖನಿ ಕೈಯಿಂದ ಜಾರುತ್ತಿತ್ತು. ಅವರು ಬರೆಯುವುದನ್ನೇ ಬಿಟ್ಟು, ನಮ್ಮ ನಕಲುಗಳನ್ನು ಮೂಲದೊಡನೆ ತಾಳೆ ನೋಡುತ್ತೇನೆ ಎಂದು ದಿನವಿಡೀ ಓದುತ್ತ ಕೂತರು. ಅವರ ಪಾಲಿನ ಗಂಟು ಬಿಚ್ಚದೆ ಹಾಗೇ ಇತ್ತು. ನಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತು. ಅವರಿಗೆ ಗೊತ್ತು ಎಂದು ನನಗೆ ಗೊತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಸೂಪರಿಂಟೆಂಡೆಂಟರು ತಾಲೂಕಿನ ದಫ್ತರು ತಪಾಸಣೆಗೆ ಶಿರೂರಿಗೆ ಹೊರಟರು. ಎಂಟು ದಿನದ ಮೇಲೆ ಬರುವಾಗ ಡಾಕ್ಟರರನ್ನು ಕರೆದುಕೊಂಡೇ ಬರುತ್ತೇನೆ ಎಂದರು. ಹೊರಡುವಾಗ ನನಗೆ, "ಮೇಜಿನಲ್ಲಿ ಏನಾದರೂ ಬದಲು ಮಾಡುವುದಿದ್ದರೆ ಕಾರಣ ಬರೆದು, ಸಹಿ ಹಾಕಿ, ಕಡತದಲ್ಲಿಟ್ಟು ಮಾಡಿ. ಸರಕಾರಿ ಸಾಮಾನು" ಎಂದರು. ಎಂಟು ದಿನ ನನ್ನನ್ನು ಒಬ್ಬನೇ ಬಿಟ್ಟು ಹೋಗಿ ನಾನು ಏನು ಬರೆಯುತ್ತೇನೆ ಎಂದು ನೋಡುವ ಹೂಟವೇ ಇದು ಎಂದು ನನಗೆ ಅನ್ನಿಸಿತು.

ಬಡಿಗ್ಯಾರನನ್ನು ಕರೆಸಿದೆ. ಅವನು ಒಂಬತ್ತು ಜನ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತದ್ದನ್ನು ಬಾಗಿಲಲ್ಲೇ ನಿಂತು ನೋಡಿ ನಕ್ಕ.

"ಹಿಂಗ ಕೂಡ್ತೀರಿ ಅಂತ ಮೊದಲ ಹೇಳಿದ್ರ ಕಟ್ಟೀನ ಕಟ್ಟಿಸಿ ಕೊಡ್ತಿದ್ನೆಲ್ರಿ."

"ನಗಬ್ಯಾಡೋ ಮಾರಾಯಾ. ಕೆಳಗಿನ ಹಲಗಿ ಎಲ್ಲಾ ಕಿತ್ತು ಹಾಕು. ಅದನ್ನ ಎಡಕ್ಕ, ಮೇಜಿನ ಮ್ಯಾಲ, ಬೆಳಕಿಗಿ ಅಡ್ಡ ಬರದಂಗ ಗಿಡ್ಡ ಗೂಡು ಮಾಡಿ ನಿಲ್ಲಸು. ಗಂಟು ಅಲ್ಲೆ ಇಡೋಣು. ಕಾಲು ಇಳಿಬಿಟ್ಟು ಕೂಡೋ ರೂಢಿ ಯಾರಿಗೂ ಇಲ್ಲ, ಕಾಲಿಡ್ಲಿಕ್ಕ ಬ್ಯಾರೆ ಹಲಗೀದ ಒಂದೊಂದು ಮಣಿ ಬೇಕು, ನಾಕ ಇಂಚು ಎತ್ತರ, ಮುಂದ ಇಳಿಜಾರ."

"ಮಣಿಗೆ ಮತ್ತ ಬ್ಯಾರೆ ಹಲಗಿ ಯಾಕ್ರಿ? ಕಿತ್ತಿದ್ದರಾಗ ಉಳದದ್ದು ಅದಲ್ಲ, ಅದನ್ನ ಕೊಯ್ದು..."

"ಅದರ ಮ್ಯಾಲ ಕಾಗದ ಇತ್ತು. ಅದರ ಮ್ಯಾಲ ಯಾರ್ ಕಾಲಿಡ್ತಾರ?"

ಅವನು ನನ್ನನ್ನು ನೋಡಿ, ಹಲಗೆಯನ್ನು ನೋಡಿ, ಅದೂ ಖರೆ ಎಂದು ತಲೆಯಾಡಿಸಿದ. ಕಾಲುಮಣೆಗಳಿಗೆ ಕ್ಯಾಂಪಿನ ಅಂಗಡಿಯಿಂದ ಸೀಮೆಎಣ್ಣೆಯ ಖಾಲಿ ಪೆಟ್ಟಿಗೆಗಳನ್ನು ತಂದ. ಮೂರು ದಿನದಲ್ಲಿ ಎಂಟು ಮೇಜು ಸರಿಯಾದವು. ಗಂಟುಗಳು ಮೇಲೇರಿದ ಕೂಡಲೇ ಯಾರೂ ಹೇಳದೆ ಎಲ್ಲರ ಕಾಲುಗಳೂ ಕೆಳಗಿಳಿದವು. ಬೆನ್ನು ತಾನಾಗಿ ಕುರ್ಚಿಗೆ ತಾಗಿತು. ಪಕ್ಕದವನು ಒಂದು ಪುಟ ಮುಗಿಸಿ, ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಏನೋ ಕಳೆದುಕೊಂಡವನ ಹಾಗೆ ನನ್ನತ್ತ ನೋಡಿದ. ಅವನಿಗೆ ನೋವು ಇರಲಿಲ್ಲ. ಅದೂ ಅವನಿಗೆ ಅನುಮಾನದ ವಿಷಯವಾಯಿತು.

ಉಳಿದದ್ದು ಕಾಕಾನ ಮೇಜು. ಅದಕ್ಕೆ ಏನು ಬೇಕೆಂದು ನನಗೆ ಗೊತ್ತಿತ್ತು. ಮೊಣಕಾಲು ಮಾಡುತ್ತಿದ್ದ ಕೆಲಸವನ್ನು ಮರ ಮಾಡಬೇಕು. ಮೇಜಿನ ಬಲಕ್ಕೆ ತೋಳಿನಂತೆ ಒಂದು ಹಲಗೆ, ಮುಂಗೈ ಪೂರ್ತಿ ಮಲಗುವಷ್ಟು ಅಗಲ, ಮಣಿಕಟ್ಟಿನ ಕಡೆ ಸ್ವಲ್ಪ ಇಳಿಜಾರು, ಮೇಲೆ ಹತ್ತಿ ತುಂಬಿದ ಖಾದಿಯ ಮೆತ್ತೆ. ನಕ್ಷೆ ಬರೆಯಲು ಅರ್ಧ ಗಂಟೆ ಸಾಕಾಯಿತು. ಕಾರಣ ಬರೆಯಲು ಎರಡು ದಿನ ಬೇಕಾಯಿತು. ಕಾಕಾನ ಹೆಸರು ಬರೆದು ಕೈ ಸೆಟೆಯುತ್ತದೆ ಎಂದರೆ ಡಾಕ್ಟರರು ಬರುವ ಮೊದಲೇ ನಾನೇ ಅವರನ್ನು ಮನೆಗೆ ಕಳಿಸಿದ ಹಾಗೆ. ಕಾರಣ ಬರೆಯದಿದ್ದರೆ ಹಲಗೆ ಹಚ್ಚುವಂತಿಲ್ಲ. ಹಚ್ಚದಿದ್ದರೆ ಡಾಕ್ಟರರ ಮುಂದೆ ನಾಲ್ಕನೆಯ ಸಾಲಿಗೆ ಲೇಖನಿ ಬೀಳುತ್ತದೆ.

ಎರಡನೆಯ ದಿನ ಸಂಜೆ ಕಡತ ತೆರೆದು ನನ್ನ ಹೆಸರು ಬರೆದೆ. ಕೆಳಗೆ ಸಹಿ ಮಾಡಿದವನ ಬಲಗೈ ಬರೆಯುವಾಗ ಸೆಟೆಯುತ್ತಿರುವುದರಿಂದ ಮುಂಗೈಗೆ ಆಸರೆ ಬೇಕಾಗಿದೆ, ಎಂದು. ಮುಂದೆ ಹಿರಿಯನಾಗಬೇಕಾದ ನಕಲುಗಾರ ತನ್ನ ಕೈ ಕೆಟ್ಟಿದೆ ಎಂದು ತಾನೇ ಬರೆದುಕೊಡುವುದು ಎಂಥ ಹುಚ್ಚು ಎಂದು ಸಹಿಯ ಮಸಿ ಆರುವ ಮೊದಲೇ ಅನ್ನಿಸಿತು. ಆದರೂ ಹರಿದು ಹಾಕಲಿಲ್ಲ. ಬಡಿಗ್ಯಾರ ನಕ್ಷೆ ನೋಡಿ, "ಇದು ಯಾರಿಗ್ರಿ?" ಎಂದ. ನನಗೆ ಎಂದೆ. ಅವನು ನನ್ನ ಬಲಗೈಯನ್ನು ನೋಡಿ, "ಇಷ್ಟು ಛಲೋ ಗೆರಿ ಎಳದೀರಿ, ಈ ಕೈಗೇನ್ ಆಗೇದ್ರಿ?" ಎಂದು ಕೇಳಿದ. ನಕ್ಷೆಯನ್ನು ಅವನ ಕೈಗೆ ತುರುಕಿ ಹೊರಟೆ.

ಹಲಗೆ ಹಚ್ಚಿದ ಕಾಕಾನ ಮೇಜು ನನ್ನ ಜಾಗದಲ್ಲಿ ನಿಂತಿತು, ನನ್ನದು ಅವರ ಜಾಗದಲ್ಲಿ. ಬೆಳಿಗ್ಗೆ ಕಾಕಾ ಬಂದಾಗ ನನ್ನ ದೌತಿಯನ್ನು ಅವರ ಜಾಗಕ್ಕೆ ಸಾಗಿಸಿ, "ಕಾಕಾರ, ನನ್ನ ಜಾಗಾದಾಗ ಬಿಸಲು ಕಣ್ಣಿಗಿ ಹೊಡೀತದ್ರಿ. ಜಾಗಾ ಅದಲಬದಲ ಮಾಡ್ಕೊಳ್ಳೋಣೇನ್ರಿ?" ಎಂದೆ. ಅವರು ಹಲಗೆಯನ್ನು ನೋಡಿದರು, ಮೆತ್ತೆಯನ್ನು ಒತ್ತಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೂತರು. ಅಂದು ಎಷ್ಟೋ ದಿನದ ಮೇಲೆ ತಮ್ಮ ಗಂಟು ಬಿಚ್ಚಿದರು. ಹತ್ತು ಸಾಲಿನ ಹತ್ತಿರ ನಿಲ್ಲುತ್ತಿದ್ದರು, ಬೆರಳು ಬಿಡಿಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಇನ್ನೂ ಏನೋ ಸರಿಯಿರಲಿಲ್ಲ. ಏನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಡಾಕ್ಟರರು ವಯಸ್ಸಾದ ಪಾರ್ಸಿ ಗೃಹಸ್ಥರು. ಒಬ್ಬೊಬ್ಬರ ಬೆನ್ನ ಹಿಂದೆ ನಿಂತು, ಹೆಗಲು ಒತ್ತಿ, ಕಾಲುಮಣೆ ನೋಡಿ, ಸಮಾಧಾನದಿಂದ ಮುಂದೆ ಸಾಗಿದರು. ಸೂಪರಿಂಟೆಂಡೆಂಟರ ಕೈಯಲ್ಲಿ ಕಡತ. ಅದರಿಂದ ನನ್ನ ಹೆಸರು ಓದಿ, ನನ್ನನ್ನು ತೋರಿಸಿ, "ಕೈ ಸೆಟೆಯುವ ನಕಲುಗಾರ ಇವರು. ಹಲಗೆ ಇವರ ಮೇಜಿಗಲ್ಲವೆ?" ಎಂದರು. ಹಲಗೆಯ ಮುಂದೆ ಕೂತಿದ್ದವರು ಕಾಕಾ. ಅವರು ನಿಧಾನವಾಗಿ ಎದ್ದು ಜಾಗ ಬಿಟ್ಟರು. ನಾನು ಕೂತೆ.

"ಬರೆಯಿರಿ" ಎಂದರು ಡಾಕ್ಟರರು.

ಬೆರಳುಗಳನ್ನು ಗಟ್ಟಿಯಾಗಿ ಬಿಗಿದು ಬರೆಯತೊಡಗಿದೆ. ಕೈ ನೋಯುವವನ ಅಕ್ಷರ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತಲ್ಲ. ವರ್ಷವಿಡೀ ಅದನ್ನೇ ಕದ್ದು ನೋಡಿದವನು. ಮೂರನೆಯ ಸಾಲಿಗೆ ಬಲಕ್ಕೆ ವಾಲಿಸಿದೆ. ಐದಕ್ಕೆ ಮಸಿ ಚೆಲ್ಲಿದೆ. ಡಾಕ್ಟರರಿಗೂ ಸೂಪರಿಂಟೆಂಡೆಂಟರಿಗೂ ಕನ್ನಡ ಬಾರದು, ಮರಾಠಿಯವರಿಗೂ ಬಾರದು. ಆ ಸಾಲುಗಳನ್ನು ಓದಬಲ್ಲವರು ಆ ಹಜಾರದಲ್ಲಿ ಒಬ್ಬರೇ ಇದ್ದರು, ನನ್ನ ಬೆನ್ನ ಹಿಂದೆ ನಿಂತಿದ್ದರು. ನಾನು ಅವರ ಅಕ್ಷರವನ್ನೇ ಅಣಕಿಸುತ್ತಿದ್ದೇನೆ ಎಂದು ಅವರಿಗೆ ತಿಳಿಯದೆ ಇರಲು ಸಾಧ್ಯವಿರಲಿಲ್ಲ.

"ಏಳು ಮ್ಯಾಲ" ಎಂದರು ಕಾಕಾ.

ನಾನು ಏಳಲಿಲ್ಲ. ಅವರು ನನ್ನ ಕೈಯಿಂದ ಲೇಖನಿ ಕಿತ್ತುಕೊಂಡರು. ಡಾಕ್ಟರರತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, ಇವನ ಕೈಗೆ ಏನೂ ಆಗಿಲ್ಲ ಸಾಹೇಬರೇ, ಇವನು ಸುಳ್ಳು ಬರೆದಿದ್ದಾನೆ, ಕೆಟ್ಟಿರುವುದು ನನ್ನ ಕೈ, ಎಂದರು.

ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಮುದುಕ ತಾನಂತೂ ಹೋಗುವವನು, ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಾನೆ, ಎಂದುಕೊಂಡೆ. ಇಷ್ಟೆಲ್ಲ ಆದಮೇಲೂ ನನ್ನ ಬುದ್ಧಿ ಓಡಿದ್ದು ಆ ಕಡೆಗೇ.

ಡಾಕ್ಟರರು ಕಾಕಾನನ್ನು ಕೂರಿಸಿದರು. ಕಾಕಾ ಬರೆದರು. ಒಂಬತ್ತು ಸಾಲು ಮುತ್ತಿನ ಹಾಗೆ ಬಂದವು. ಹತ್ತನೆಯದಕ್ಕೆ ಬೆರಳು ಬಿಗಿಯಿತು. ಲೇಖನಿ ನಿಂತಿತು. ಡಾಕ್ಟರರು ಬಗ್ಗಿ, ಕಾಕಾನ ಮುಂಗೈಗೂ ಮೆತ್ತೆಗೂ ನಡುವೆ ತಮ್ಮ ಬೆರಳು ತೂರಿಸಿದರು. ಎರಡು ಬೆರಳು ಸಲೀಸಾಗಿ ಹೋದವು. ಕೈ ಹಲಗೆಯ ಮೇಲೆ ಕೂತೇ ಇರಲಿಲ್ಲ, ತೂಗುತ್ತಿತ್ತು. ಅವರು ತಮ್ಮ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಅಡಿಗಿಟ್ಟು, "ಈಗ" ಎಂದರು. ಕಾಕಾ ಪುಟದ ಕೊನೆಯವರೆಗೂ ಬರೆದರು. ಹಾಳೆ ತಿರುಗಿಸಿ ಹಿಂದಿನ ಪುಟವನ್ನೂ ಬರೆದರು.

"ಅಳತೆ ತೆಗೆದವರು ಯಾರು?"

"ನಾನು."

"ಇವರ ಮೈ ಮೇಲೆ?"

"ಗೋಡೆಯ ಮೇಲೆ" ಎಂದೆ. ಎಣ್ಣೆಯ ಗುರುತು ತೋರಿಸಬೇಕಾಯಿತು. ದಣಿದು ಜಾರಿ ಒರಗಿದಾಗ ಬಿದ್ದ ಗುರುತದು; ನೆಟ್ಟಗೆ ಕೂತವರ ಎತ್ತರ ಅಲ್ಲಿ ಸಿಗುವುದು ಹೇಗೆ ಎಂದು ಡಾಕ್ಟರರು ನಕ್ಕರು. ಸೂಪರಿಂಟೆಂಡೆಂಟರು ನಗಲಿಲ್ಲ. ಈ ಹಲಗೆಯಿದ್ದರೆ ಇವರು ಕೆಲಸಕ್ಕೆ ಯೋಗ್ಯರು ಎಂದು ಡಾಕ್ಟರರು ಕಡತದಲ್ಲಿ ಬರೆದರು. ಅದರ ಕೆಳಗೇ ಸೂಪರಿಂಟೆಂಡೆಂಟರು, ಸರಕಾರಿ ಕಾಗದದಲ್ಲಿ ಸುಳ್ಳು ಕಾರಣ ಕೊಟ್ಟದ್ದಕ್ಕಾಗಿ ನನ್ನ ಸರ್ವಿಸ್ ಪುಸ್ತಕದಲ್ಲಿ ಶೆರಾ, ಅಂದರೆ ಆಕ್ಷೇಪದ ಟಿಪ್ಪಣಿ, ಹಾಕಬೇಕೆಂದು ಬರೆದರು. ಕಾಕಾ ತಮ್ಮ ಉಳಿದ ತಿಂಗಳುಗಳನ್ನು ಪೂರ್ತಿ ಮಾಡಿದರು. ಶೆರಾ ಬಿದ್ದ ನನ್ನನ್ನು ಬಿಟ್ಟು, ಆ ಜಾಗಕ್ಕೆ ಆಮೇಲೆ ಬೆಳಗಾವಿಯಿಂದ ಬೇರೊಬ್ಬರನ್ನು ತಂದರು. ಸೂಪರಿಂಟೆಂಡೆಂಟರಿಗೆ ನಮ್ಮಲ್ಲಿ ಯಾರನ್ನೂ ತೆಗೆಯುವ ಇರಾದೆ ಮೊದಲಿನಿಂದಲೂ ಇರಲಿಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅಂದು ಸಂಜೆ ಹಲಗೆಯನ್ನು ಎರಡು ಬೆರಳು ಎತ್ತರಿಸಲು ಹೇಳಬೇಕೆಂದು ನಾನು ಭವಾನಿ ಪೇಠೆಯ ಕಡೆ ಹೊರಟೆ. ಕರೆಯದಿದ್ದರೂ ಕಾಕಾ ಜೊತೆಗೆ ಬಂದರು. ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು.

"ಕಾಕಾರ, ಎಲ್ಲಾರ ಮುಂದ ನಾ ಸುಳ್ಳ ಹೇಳೇನಿ ಅಂದ್ರಿ. ಯಾರ ಸಂಬಂಧ ಹೇಳ್ದೆ? ಮೊದಲ ನನ್ನ ಮುಂದ ಒಂದ್ ಮಾತು ಆಡಿದ್ರ ಆಗ್ತಿದ್ದಿಲ್ಲೇನ್ರಿ?"

"ನೀ ಕೇಳಿದ್ರ ಆಡ್ತಿದ್ದೆ."

"ಕೇಳ್ಲಿಲ್ಲೇನ್ರಿ? ಮೂರು ಸಲ ಕೇಳೀನಿ!"

ಕಾಕಾ ನಿಂತರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ಮೂರು ಸಲ ಅಳತಿ ಕೇಳ್ದಿ. ನಲ್ಲಿತನಕ ಹಿಂದ ಬಂದು ಕಳ್ಳನಂಗ ನೋಡ್ದಿ. ನಾನೂ ನೋಡೀನಿ ನಿನ್ನ. ಕಾಕಾ, ಕೈ ನೋಯ್ತದೇನ್ರಿ ಅಂತ ಒಂದ್ ಸಲಾನೂ ಕೇಳ್ಲಿಲ್ಲ ನೀನು."

ಟಾಂಗಾ ಒಂದು ಗಂಟೆ ಹೊಡೆಯುತ್ತ ಬಂತು, ಇಬ್ಬರೂ ರಸ್ತೆಯ ಬದಿಗೆ ಸರಿದೆವು. ಅದು ದಾಟಿ ಹೋದ ಮೇಲೆ ಕೇಳಿದೆ.

"ನೋಯ್ತದೇನ್ರಿ ಕಾಕಾ?"

"ಭಾಳ ನೋಯ್ತದಪ್ಪಾ" ಎಂದರು.